ಪ್ರಾಣಿ ಇಷ್ಟ, ಲೆಕ್ಕ ಕಷ್ಟ

ಪ್ರಶ್ನೆ: ನಂಗೆ ಕಾಡುಪ್ರಾಣಿ ಅಂದ್ರೆ ಪ್ರಾಣ ಸರ್, ಯೂನಿವರ್ಸಿಟೀಲಿ ಕನ್ಸರ್ವೇಶನ್ ಬಯಾಲಜಿ (ಜೀವಿಗಳನ್ನ ಅಳಿವಿನಿಂದ ಉಳಿಸೋ ವಿಜ್ಞಾನ) ಓದ್ಬೇಕು ಅಂತಿದೀನಿ, ಆದ್ರೆ ಮ್ಯಾಥ್ಸ್ ವೀಕು. ಆಗುತ್ತಾ?

ಉತ್ತರ: ಖಂಡಿತ ಓದಿ, ಆದ್ರೆ ದಿನಾ ಕಾಡಲ್ಲೇ ಇರ್ತೀನಿ ಅನ್ಕೊಂಡು ಹೋಗ್ಬೇಡಿ. ಇಕಾಲಜಿ, ಜೆನೆಟಿಕ್ಸ್ ಜೊತೆಗೆ ಸ್ಟ್ಯಾಟಿಸ್ಟಿಕ್ಸು, ಜಿಐಎಸ್ ಮ್ಯಾಪಿಂಗು (ಕಂಪ್ಯೂಟರಲ್ಲಿ ನಕ್ಷೆ ಮಾಡೋದು) ಎಲ್ಲಾ ಬರುತ್ತೆ. ಲೆಕ್ಕ ಯಾಕೆ ಅಂದ್ರೆ, ಕ್ಯಾಮೆರಾ ಟ್ರ್ಯಾಪಲ್ಲಿ (ಪ್ರಾಣಿ ಎದುರಿಗೆ ಬಂದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಸಿಕ್ಕ ಹುಲಿಗಳಷ್ಟೇ ಒಟ್ಟು ಹುಲಿ ಅಲ್ಲ, ಫೋಟೋಗೆ ಬೀಳದೇ ಇರೋವೂ ಇರ್ತವೆ, ಮೈಮೇಲಿನ ಪಟ್ಟೆ ನೋಡಿ ಯಾವ್ಯಾವ್ದು ಎಷ್ಟು ಸಲ ಮತ್ತೆ ಸಿಕ್ತು ಅಂತ ಲೆಕ್ಕ ಹಾಕಿದ್ರೇನೇ ಒಟ್ಟು ಎಷ್ಟಿವೆ ಅಂತ ಅಂದಾಜು ಸಿಗೋದು. ಹೀಗೆ ಪ್ರಾಣಿ ಮುಂದಿಟ್ಕೊಂಡು ಕಲಿತ್ರೆ ಮ್ಯಾಥ್ಸ್ ತಲೆಗೆ ಹತ್ತುತ್ತೆ, ನಂಬಿ.

ಜೀವವಿಜ್ಞಾನಿ ಮೈಕೆಲ್ ಸೂಲೆ 1985ರಲ್ಲೇ ಕನ್ಸರ್ವೇಶನ್ ಬಯಾಲಜೀನ ಕ್ರೈಸಿಸ್ ಡಿಸಿಪ್ಲಿನ್, ಅಂದ್ರೆ ತುರ್ತು ಪರಿಸ್ಥಿತೀಲಿ ಕೆಲಸ ಮಾಡೋ ವಿಜ್ಞಾನ ಅಂತ ಕರೆದ್ರು, ಪೂರ್ತಿ ಮಾಹಿತಿ ಬರ್ಲಿ ಅಂತ ಕಾಯ್ತಾ ಕೂತ್ರೆ ಅಷ್ಟೊತ್ತಿಗೆ ಆ ಜೀವಿನೇ ಇರಲ್ಲ, ಇದು ನಂಗೆ ಈಗ್ಲೂ ಸಂಕಟ ಕೊಡೋ ಮಾತು.

ಜನರ ಜೊತೆ ಮಾತಾಡೋದನ್ನೂ ಕಲೀರಿ, ಬೆಳೆ ತುಳಿಸ್ಕೊಂಡ ರೈತನ ಕಷ್ಟ ಕೇಳದೆ ಆನೆ ಉಳಿಸೋಕಾಗಲ್ಲ. ಆಮೇಲೆ ಸೇರೋ ಮುಂಚೆ ಫೀಲ್ಡ್‌ವರ್ಕ್ ಎಷ್ಟು ದಿನ ಇರುತ್ತೆ, ಖರ್ಚು ಯಾರು ಹಾಕ್ತಾರೆ ಅಂತ ಕೇಳ್ಕೊಳ್ಳಿ.