ಗಣಿತ ಎಲ್ಲ ಮಕ್ಕಳಿಗೂ ತಲುಪಬೇಕಾದರೆ ಶಿಕ್ಷಕರು ಎಲ್ಲಿ ಕಲಿಯಬೇಕು?

ನೀವು ಹೊಸದಾಗಿ ಸರ್ಕಾರಿ ಶಾಲೆಗೆ ಸೇರಿದ್ದೀರಿ, ಆರನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೀರಿ, ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ಬಿಟ್ಟರೆ ಮಿಕ್ಕವರು ಬಾಯಿಯೇ ಬಿಡುವುದಿಲ್ಲ, ಇದಕ್ಕೆ ಏನು ಓದಬೇಕು, ಎಲ್ಲಿ ಕಲಿಯಬೇಕು ಅಂತ ಕೇಳಿದ್ದೀರಿ. ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಓದಬೇಕಾದವುಗಳ ಹೆಸರುಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ಒಂದು ಕೆಲಸ ಮಾಡಿ.

ಹಾಜರಿ ಪಟ್ಟಿಯ ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಒಂದು ವಾರ, ನೀವು ಯಾವ ಮಗುವನ್ನು ಪ್ರಶ್ನೆ ಕೇಳಿದಿರೋ ಆ ಮಗುವಿನ ಹೆಸರಿನ ಮುಂದೆ ಒಂದೊಂದು ಚುಕ್ಕಿ ಇಡಿ. ನಾನು ಹಾಗೆ ಮಾಡಿದಾಗ 38 ಮಕ್ಕಳಲ್ಲಿ 11 ಹೆಣ್ಣುಮಕ್ಕಳ ಮುಂದೆ ಒಂದು ಚುಕ್ಕಿಯೂ ಇರಲಿಲ್ಲ. ನಾನು ಭೇದ ಮಾಡುವವಳಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ. ಆ ಹಾಳೆ ನೋಡಿ ತುಂಬ ನೋವಾಯಿತು. ಇನ್ನೊಂದು, ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲೇ ತೋರಿಸಿದ್ದರು, ನಾವು ಶಿಕ್ಷಕರು ಉತ್ತರಕ್ಕೆ ಕಾಯುವುದು ಹೆಚ್ಚುಕಡಿಮೆ ಒಂದೇ ಸೆಕೆಂಡು, ಅದನ್ನು 3 ಸೆಕೆಂಡು ಮಾಡಿದರೆ ಬಾಯಿ ಬಿಡುವ ಮಕ್ಕಳು ಜಾಸ್ತಿಯಾಗುತ್ತಾರೆ ಅಂತ.

ಚುಕ್ಕಿ ಇಲ್ಲದವರಲ್ಲಿ ಒಬ್ಬಳು ಸಂಜೆ ಅಮ್ಮನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಾಳೆ. ಬೋರ್ಡಿನ ಮೇಲೆ 100ರಲ್ಲಿ 45 ಕಳೆ ಅಂದರೆ 145 ಬರೆದಳು. ಸೊನ್ನೆಯಲ್ಲಿ ಐದು ಹೋಗಲ್ಲ, ಹಾಗಾಗಿ ಐದನ್ನೇ ಕೆಳಗಿಳಿಸಿದ್ದಳು, ನಾಲ್ಕನ್ನೂ ಹಾಗೇ. ನಾನು "ಮೊಳಕ್ಕೆ 15, ಮೂರು ಮೊಳ ಕೊಡು, ತಗೋ ನೂರು ರೂಪಾಯಿ" ಅಂದೆ. ತಕ್ಷಣ "55 ವಾಪಸ್ ಮಿಸ್" ಅಂದಳು. ಹೇಗೆ ಅಂದರೆ, "45ಕ್ಕೆ ಐದು ಹಾಕಿದ್ರೆ ಐವತ್ತು, ನೂರಕ್ಕೆ ಇನ್ನೊಂದು ಐವತ್ತು." ಅದನ್ನೇ ಅವಳ ಕೈಯಲ್ಲಿ ಸಂಖ್ಯಾರೇಖೆ ಎಳೆಸಿ ಎಲ್ಲರಿಗೂ ಹೇಳಿಸಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲಿ ಇದನ್ನೇ ಕಂಡರು, 2025ರಲ್ಲಿ ಪ್ರಕಟಿಸಿದರು. ವ್ಯಾಪಾರದಲ್ಲಿ ಲೆಕ್ಕ ಸರಿ, ಶಾಲೆಯ ರೀತಿಯಲ್ಲಿ ಕೇಳಿದರೆ ತಪ್ಪು. ಶಾಲೆಯಲ್ಲಿ ಚೆನ್ನಾಗಿ ಮಾಡುವ ಮಕ್ಕಳು ಅಂಗಡಿ ಲೆಕ್ಕದಲ್ಲಿ ತಡವರಿಸಿದರು, ಅದೂ ಅಷ್ಟೇ ಮುಖ್ಯ ಅಲ್ವಾ?

ಈಗ ಓದಿಗೆ ಬರೋಣ. ಮೊದಲು ಎನ್‌ಸಿಇಆರ್‌ಟಿಯ 2006ರ ಗಣಿತ ಬೋಧನೆಯ ನಿಲುವು ಪತ್ರ (ಪೊಸಿಷನ್ ಪೇಪರ್) ಓದಿ, ಮಕ್ಕಳಿಗೆ ಗಣಿತದ ಭಯ ಯಾಕೆ ಅನ್ನುವುದನ್ನು ನೇರವಾಗಿ ಹೇಳಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಆಟ್ ರೈಟ್ ಆಂಗಲ್ಸ್ ಪತ್ರಿಕೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪದ್ಮಪ್ರಿಯಾ ಶಿರಾಲಿ ಬರೆದ ಪ್ರಾಥಮಿಕ ಗಣಿತದ ಪುಲ್‌ಔಟ್‌ಗಳು, ಅಂದರೆ ಬಿಡಿಸಿಟ್ಟುಕೊಳ್ಳಬಹುದಾದ ಪುರವಣಿಗಳು, ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದವು, ನಾಳೆಯೇ ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆಗಳಿವೆ. ಕನ್ನಡದಲ್ಲಿ ಬೇಕಾದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಇದೆ, ಜಿಯೋಜೀಬ್ರಾ ಅನ್ನುವ ಗಣಿತ ತಂತ್ರಾಂಶದ ಕಡತಗಳೂ ಸಿಗುತ್ತವೆ. ಇಂಗ್ಲಿಷ್ ಓದಲು ಕಷ್ಟವಿಲ್ಲದಿದ್ದರೆ ಕೇಂಬ್ರಿಡ್ಜ್‌ ವಿಶ್ವವಿದ್ಯಾಲಯದ ಎನ್‌ರಿಚ್ ಅನ್ನುವ ಗಣಿತ ಜಾಲತಾಣ ನೋಡಿ. ಎಲ್ಲರೂ ಶುರು ಮಾಡಬಲ್ಲ, ಚುರುಕಾದವರು ಮುಂದೆ ಹೋಗಬಲ್ಲ ಲೆಕ್ಕಗಳು ಅಲ್ಲಿ ರಾಶಿ ಇವೆ. "ಉತ್ತರ 24 ಬರುವ ಲೆಕ್ಕ ಮಾಡಿ" ಅಂದರೂ ಅಂಥದ್ದೇ. ಒಬ್ಬರು 20+4 ಬರೆಯುತ್ತಾರೆ, ಇನ್ನೊಬ್ಬರು ಭಿನ್ನರಾಶಿ ತರುತ್ತಾರೆ, ಇಬ್ಬರದ್ದೂ ಬೋರ್ಡಿಗೆ ಬರುತ್ತದೆ.

ಅಕ್ಷರ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಕಲಿಕಾ ಸಾಮಗ್ರಿಗಳ ಕಿಟ್ ನಿಮ್ಮ ಶಾಲೆಯ ಬೀರುವಿನಲ್ಲೂ ಇರಬಹುದು, ಹುಡುಕಿ. ನಾನು ಮೊದಲಿದ್ದ ಶಾಲೆಯಲ್ಲಿ ಹಾಳಾದೀತು ಅಂತ ಬೀಗ ಹಾಕಿಟ್ಟಿದ್ದರು. ಮಕ್ಕಳ ಕೈಗೆ ಕೊಡಿ, ಮುರಿದರೆ ಮುರಿಯಲಿ.

ಒಬ್ಬರೇ ಓದಬೇಡಿ. ಪಕ್ಕದ ಶಾಲೆಯ ಒಬ್ಬರನ್ನು ಜೊತೆ ಮಾಡಿಕೊಳ್ಳಿ, ತಿಂಗಳಿಗೊಮ್ಮೆ ನಾಲ್ಕು ಮಕ್ಕಳ ತಪ್ಪು ಉತ್ತರಗಳನ್ನು ಇಟ್ಟುಕೊಂಡು ಕೂರಿ, ಮಗು ಹಾಗೆ ಯಾಕೆ ಬರೆಯಿತು ಅಂತ ಮಾತಾಡಿ. ಒಂದು ವಾರದ ಚುಕ್ಕಿ ಹಾಳೆ ಆದಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.