ಓಪನ್ ಸೋರ್ಸ್ ಸಮುದಾಯಕ್ಕೆ ಯಾವ ಚಾಟ್ ವೇದಿಕೆ ಸೂಕ್ತ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಕೋಡ್ ಎಲ್ಲರಿಗೂ ಮುಕ್ತವಾಗಿರುವ (ಓಪನ್ ಸೋರ್ಸ್) ಒಂದು ಪ್ರೋಗ್ರಾಮಿಂಗ್ ಲೈಬ್ರರಿಯ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ, ಸುತ್ತ ಬೆಳೆದ ನಿಮ್ಮ ಸಮುದಾಯ ಇಷ್ಟು ದಿನ ಸ್ಲ್ಯಾಕ್ ಎಂಬ ಚಾಟ್ ಸೇವೆಯ ಉಚಿತ ಯೋಜನೆಯಲ್ಲಿತ್ತು, ಈಗ ಹಳೆಯ ಚರ್ಚೆಗಳು ಕೈಗೆ ಸಿಗುತ್ತಿಲ್ಲ. ಹೊಸಬರು ಡಿಸ್ಕಾರ್ಡ್ ಎನ್ನುತ್ತಾರೆ, ಹಳಬರು ಐಆರ್‌ಸಿ ಎಂಬ ಹಳೆಯ ಪಠ್ಯ ಚಾಟ್ ವ್ಯವಸ್ಥೆಯನ್ನು ಬಿಟ್ಟು ಕದಲುವುದಿಲ್ಲ, ಕೆಲವರು ಮ್ಯಾಟ್ರಿಕ್ಸ್ ಮತ್ತು ಜುಲಿಪ್ ಹೆಸರನ್ನು ಮುಂದಿಡುತ್ತಿದ್ದಾರೆ. ಸದಸ್ಯರು ಹಲವು ಕಾಲವಲಯಗಳಲ್ಲಿ ಹರಡಿಕೊಂಡಿದ್ದಾರೆ, ಹಣವಿಲ್ಲ, ಸರ್ವರ್ ನೋಡಿಕೊಳ್ಳಲು ಬಿಡುವಿರುವವರು ಕಡಿಮೆ. ಇಂಥ ಯೋಜನೆಗಳ ಚಾಟ್ ಚಾನೆಲ್‌ಗಳಲ್ಲಿ ಮಾಡರೇಟರ್ ಆಗಿ ಕೆಲಸ ಮಾಡಿದವನಾಗಿ ನೇರವಾಗಿಯೇ ಹೇಳುತ್ತೇನೆ: ನೀವು ಕೊಟ್ಟ ವಿವರಕ್ಕೆ ಜುಲಿಪ್ ಅತ್ಯಂತ ಸೂಕ್ತ, ಯಾವ ಕಂಪನಿಯ ಹಂಗೂ ಬೇಡ ಎಂಬುದು ನಿಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದರೆ ಮ್ಯಾಟ್ರಿಕ್ಸ್. ಈ ತೀರ್ಮಾನಕ್ಕೆ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಸಮುದಾಯದ ಒಳಗಿನ ಸಂಗತಿಗಳು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಕಾರಣಗಳನ್ನು ನೋಡಿ ನೀವು ಬೇರೆ ತೀರ್ಮಾನಕ್ಕೂ ಬರಬಹುದು.

ವೇದಿಕೆಗಳನ್ನು ಹೋಲಿಸುವಾಗ ಹೆಚ್ಚಿನವರು ಧ್ವನಿ ಕರೆ, ಇಮೋಜಿ, ಮೊಬೈಲ್ ಆ್ಯಪ್‌ನ ಅಂದಚಂದ ಇವುಗಳ ಪಟ್ಟಿ ಮಾಡಲು ಕೂರುತ್ತಾರೆ. ಒಂದೇ ಹೊತ್ತಿಗೆ ಕೆಲಸಕ್ಕೆ ಕೂರುವ ತಂಡಕ್ಕೆ ಅಂಥ ಪಟ್ಟಿ ಸಾಕಾಗಬಹುದು. ಓಪನ್ ಸೋರ್ಸ್ ಸಮುದಾಯದಲ್ಲಾದರೋ ಯಾವ ಮಾತುಕತೆ ನಡೆಯುವಾಗಲೂ ಬಹುಪಾಲು ಸದಸ್ಯರು ಅಲ್ಲಿರುವುದಿಲ್ಲ: ಒಬ್ಬರು ನಿದ್ರೆಯಲ್ಲಿರುತ್ತಾರೆ, ಇನ್ನೊಬ್ಬರು ಹೊಟ್ಟೆಪಾಡಿನ ಉದ್ಯೋಗದಲ್ಲಿರುತ್ತಾರೆ, ಮತ್ತೊಬ್ಬರು ಈ ಲೈಬ್ರರಿಯ ಹೆಸರನ್ನು ಕೇಳುವುದೇ ಮುಂದಿನ ವರ್ಷ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮಾತು ನಡೆದಾಗ ಅಲ್ಲಿಲ್ಲದವರಿಗೆ ಆ ಮಾತು ಆಮೇಲೆ ಸಿಗುತ್ತದೆಯೇ, ಸಿಕ್ಕರೆ ಓದಿ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿರುತ್ತದೆಯೇ?

ಸ್ಲ್ಯಾಕ್‌ನ ಉಚಿತ ಯೋಜನೆ ಈ ಪ್ರಶ್ನೆಯಲ್ಲಿಯೇ ಸೋಲುತ್ತದೆ. ಮೊದಲು ಅದು ಕೊನೆಯ 10,000 ಸಂದೇಶಗಳನ್ನು ತೋರಿಸುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಕೇವಲ 90 ದಿನಗಳ ಸಂದೇಶಗಳು ಕಾಣುತ್ತವೆ. 2024ರಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಶಾಶ್ವತವಾಗಿ ಅಳಿಸಲಾಗುತ್ತಿದೆ. ಹಣ ಕೊಟ್ಟು ಉಳಿಸಿಕೊಳ್ಳೋಣವೆಂದರೆ ಶುಲ್ಕ ತಲೆ ಲೆಕ್ಕದಲ್ಲಿದೆ. ಯಾರು ಬೇಕಾದರೂ ಬಂದು ಸೇರಬಹುದಾದ ಸಮುದಾಯಕ್ಕೆ ಅದು ಆಗುವ ಮಾತಲ್ಲ. ದೊಡ್ಡ ಯೋಜನೆಗಳಿಗೆ ಸಿಕ್ಕ ವಿಶೇಷ ರಿಯಾಯಿತಿಯೂ ಭದ್ರವಲ್ಲ. ಕುಬರ್ನೆಟಿಸ್ ಎಂಬ ಬೃಹತ್ ಓಪನ್ ಸೋರ್ಸ್ ತಂತ್ರಾಂಶದ ಸಮುದಾಯದ ಸ್ಲ್ಯಾಕ್ ಸಾಮಾನ್ಯ ಉಚಿತ ಯೋಜನೆಗೆ ಇಳಿಯಲಿದೆ ಎಂಬ ಸುದ್ದಿ 2025ರ ಜೂನ್‌ನಲ್ಲಿ ಕೆಲವೇ ದಿನಗಳ ಮುನ್ಸೂಚನೆಯೊಂದಿಗೆ ಹೊರಬಿತ್ತು. ಕೊನೆಗೆ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು, ಆದರೆ ಅಷ್ಟು ದೊಡ್ಡ ಸಮುದಾಯವೂ ಗಡಿಬಿಡಿಯಲ್ಲಿ ಬೇರೆ ನೆಲೆ ಹುಡುಕಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ. ಐಆರ್‌ಸಿ ಕ್ಲೈಂಟ್‌ನಿಂದಲೇ, ಅಂದರೆ ಐಆರ್‌ಸಿಗೆಂದು ಬಳಸುವ ಆ್ಯಪ್‌ನಿಂದಲೇ, ಸ್ಲ್ಯಾಕ್ ಬಳಸಲು ಮೊದಲು ಅವಕಾಶವಿತ್ತು. ಅದನ್ನೂ 2018ರ ಮೇ ತಿಂಗಳಲ್ಲಿ ಮುಚ್ಚಿದರು. ಸ್ಲ್ಯಾಕ್ ಕೆಟ್ಟ ತಂತ್ರಾಂಶವೆಂದು ನಾನು ಹೇಳುತ್ತಿಲ್ಲ. ಅದನ್ನು ಕಟ್ಟಿರುವುದು ಕಂಪನಿಗಳ ಒಳಗಿನ ತಂಡಗಳಿಗಾಗಿ; ನಾವು ಅಲ್ಲಿ ಅತಿಥಿಗಳು ಮಾತ್ರ.

ಡಿಸ್ಕಾರ್ಡ್ ವಿಷಯದಲ್ಲಿ ನಿಮ್ಮ ಹೊಸಬರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರಲ್ಲಿ ಬಹಳಷ್ಟು ಜನರಿಗೆ ಅಲ್ಲಿ ಖಾತೆ ಈಗಾಗಲೇ ಇರುತ್ತದೆ, ಸಂದೇಶಗಳಿಗೆ ಕಾಲಮಿತಿ ಇಲ್ಲ, ಧ್ವನಿ ಕೊಠಡಿ ಸಲೀಸಾಗಿ ನಡೆಯುತ್ತದೆ. ಪುಂಡಾಟ ತಡೆಯಲು ಮಾಡರೇಟರ್‌ಗಳಿಗೆ ಸಿಗುವ ಉಪಕರಣಗಳು ನಾನು ಬಳಸಿದವುಗಳಲ್ಲೆಲ್ಲ ಉತ್ತಮ. ಆದರೆ ಖಾತೆಯಿಲ್ಲದವರು ಅಲ್ಲಿನ ಒಂದು ಸಾಲನ್ನೂ ಓದಲಾರರು, ಸರ್ಚ್ ಎಂಜಿನ್‌ಗಳಿಗೆ ಅದರೊಳಗೆ ಪ್ರವೇಶವಿಲ್ಲ, ಇಡೀ ಸರ್ವರ್‌ನ ಇತಿಹಾಸವನ್ನು ಹೊರತೆಗೆದುಕೊಳ್ಳಲು ಅಧಿಕೃತ ದಾರಿಯನ್ನೇ ಕಂಪನಿ ಕೊಟ್ಟಿಲ್ಲ. ಅಂದರೆ ನಿಮ್ಮ ಜನ ವರ್ಷಗಟ್ಟಲೆ ಬರೆದ ಉತ್ತರಗಳು ಒಳಗೇ ಉಳಿಯುತ್ತವೆ. ಹೊರಡುವ ದಿನ ಬಂದರೆ ಬರಿಗೈಯಲ್ಲಿ ಹೊರಡಬೇಕು. 2024ರ ಅಕ್ಟೋಬರ್‌ನಲ್ಲಿ ರಷ್ಯಾ ಮತ್ತು ಟರ್ಕಿ ಎರಡೂ ದೇಶಗಳು ಡಿಸ್ಕಾರ್ಡ್ ಅನ್ನು ನಿರ್ಬಂಧಿಸಿದವು. ನಿಮ್ಮ ಕೊಡುಗೆದಾರರು ಎಲ್ಲೆಲ್ಲಿದ್ದಾರೆ ಎಂಬುದನ್ನು ಒಮ್ಮೆ ವಿಚಾರಿಸಿಕೊಳ್ಳದೆ ಯಾವುದೇ ಒಂದೇ ಕಂಪನಿಯ ಸೇವೆಗೆ ಒಪ್ಪಿಕೊಳ್ಳಬೇಡಿ ಎನ್ನಲು ಅಷ್ಟೇ ಸಾಕು.

ಐಆರ್‌ಸಿಯ ಬಗ್ಗೆ ಹಳಬರಿಗಿರುವ ಅಭಿಮಾನಕ್ಕೆ ಗಟ್ಟಿಯಾದ ಆಧಾರವಿದೆ. 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ರೂಪಿಸಿದ ಈ ಪ್ರೋಟೊಕಾಲ್ (ಸಂವಹನದ ನಿಯಮಾವಳಿ) ಯಾರೊಬ್ಬರ ಸ್ವತ್ತೂ ಅಲ್ಲ, ಮತ್ತು ಅದರ ಬೆಲೆ ಏನೆಂಬುದು 2021ರಲ್ಲಿ ಎಲ್ಲರ ಕಣ್ಣೆದುರು ಸಾಬೀತಾಯಿತು. ಓಪನ್ ಸೋರ್ಸ್ ಯೋಜನೆಗಳ ಬಹುದೊಡ್ಡ ನೆಲೆಯಾಗಿದ್ದ ಫ್ರೀನೋಡ್ ಜಾಲದ ಒಡೆತನದ ಕುರಿತು ವಿವಾದವೆದ್ದಾಗ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಮೇ ತಿಂಗಳಲ್ಲಿ ಒಟ್ಟಾಗಿ ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ತೆರೆದರು. ಈ ಹೊಸ ಜಾಲದ ಹೆಸರನ್ನು ತಲೆಬರಹದಲ್ಲಿ ಹಾಕಿಕೊಂಡಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್‌ನ ಹೊಸ ಆಡಳಿತ ವಶಪಡಿಸಿಕೊಂಡಿತು. ಆದರೂ ಯೋಜನೆಗಳು ಕೆಲವೇ ದಿನಗಳಲ್ಲಿ ಸ್ಥಳಾಂತರಗೊಂಡವು, ಏಕೆಂದರೆ ಬದಲಾಗಬೇಕಾಗಿದ್ದು ಸರ್ವರ್ ವಿಳಾಸ ಮಾತ್ರ. ಅದೇ ಕ್ಲೈಂಟ್, ಅವೇ ಆದೇಶಗಳು. ಮುಚ್ಚಿದ ವೇದಿಕೆಯೊಂದರಲ್ಲಿ ಇದೇ ಪ್ರಮಾಣದ ಜಗಳ ಎದ್ದಿದ್ದರೆ ಸಮುದಾಯಗಳಿಗೆ ಹೀಗೆ ಎದ್ದು ನಡೆಯುವ ದಾರಿಯೇ ಇರುತ್ತಿರಲಿಲ್ಲ.

ಇಷ್ಟಾದರೂ ಐಆರ್‌ಸಿಯನ್ನೇ ಮುಖ್ಯ ನೆಲೆಯಾಗಿ ಇಟ್ಟುಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಸಂಪರ್ಕ ಕಡಿದಾಗ ನಡೆದ ಮಾತು, ಬೌನ್ಸರ್ (ನಮ್ಮ ಪರವಾಗಿ ಸದಾ ಸಂಪರ್ಕದಲ್ಲಿದ್ದು ಸಂದೇಶಗಳನ್ನು ಉಳಿಸಿಡುವ ತಂತ್ರಾಂಶ) ಇಟ್ಟುಕೊಳ್ಳದವರಿಗೆ, ಕಳೆದುಹೋದಂತೆಯೇ ಸರಿ. ಪ್ರಶ್ನೆ ಕೇಳಿ ಹತ್ತು ನಿಮಿಷ ಕಾದು ಲ್ಯಾಪ್‌ಟಾಪ್ ಮುಚ್ಚಿದ ಹೊಸಬನಿಗೆ ಮೂರು ಗಂಟೆಯ ನಂತರ ಬಂದ ಒಳ್ಳೆಯ ಉತ್ತರ ತಲುಪುವುದೇ ಇಲ್ಲ; ತನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದು ತಿಳಿದು ಅವನು ಮತ್ತೆ ಬಾರದಿರುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಇನ್ನೊಂದು ಸಂಗತಿ ಲ್ಯಾಟಿನ್ ಲಿಪಿಯಲ್ಲಿ ಮಾತ್ರ ಬರೆಯುವವರ ಗಮನಕ್ಕೆ ಬರುವುದು ವಿರಳ. ಐಆರ್‌ಸಿಯಲ್ಲಿ ಒಂದು ಸಂದೇಶದ ಮಿತಿ, ಕಳುಹಿಸಿದವರ ವಿವರ ಮತ್ತು ಸಾಲಿನ ಕೊನೆಯ ಗುರುತು ಸೇರಿ, 512 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಎಂಬ ಒಂದೇ ಅಕ್ಷರ ಮೂರು ಸಂಕೇತಗಳಿಂದಾಗಿ 9 ಬೈಟ್ ನುಂಗುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆದ ಎರಡು ಮೂರು ಸಾಧಾರಣ ವಾಕ್ಯಗಳು ಒಂದು ಸಂದೇಶದಲ್ಲಿ ಹಿಡಿಸುವುದಿಲ್ಲ. ಉಳಿದದ್ದನ್ನು ಕ್ಲೈಂಟ್ ತುಂಡರಿಸಿ ಕಳುಹಿಸುತ್ತದೆ, ಇಲ್ಲವೇ ಅದು ಕತ್ತರಿಸಿಹೋಗುತ್ತದೆ. ಹಲವು ಸಾಲುಗಳ ಕೋಡ್ ತೋರಿಸಬೇಕಾದರೆ ಬೇರೆಡೆ ಅಂಟಿಸಿ ಕೊಂಡಿ ಕೊಡಬೇಕು, ಆ ಕೊಂಡಿ ಕೆಲ ಕಾಲದ ನಂತರ ಸಾಯುತ್ತದೆ.

ಹಲವು ಸ್ವತಂತ್ರ ಸರ್ವರ್‌ಗಳನ್ನು ಜೋಡಿಸುವ ಮುಕ್ತ ಚಾಟ್ ಪ್ರೋಟೊಕಾಲ್ ಆದ ಮ್ಯಾಟ್ರಿಕ್ಸ್ ಹುಟ್ಟಿದ್ದು 2014ರಲ್ಲಿ. ಐಆರ್‌ಸಿಯ ಸ್ವಾತಂತ್ರ್ಯವನ್ನು ಉಳಿಸಿಕೊಂಡು ಅದರ ಈ ಕೊರತೆಗಳನ್ನು ನೀಗುವ ಪ್ರಯತ್ನವೆಂದು ನಾನು ಅದನ್ನು ಕಾಣುತ್ತೇನೆ. ಒಂದು ಕೊಠಡಿಯಲ್ಲಿ ಪಾಲ್ಗೊಂಡ ಪ್ರತಿಯೊಂದು ಸರ್ವರ್ ಕೂಡ ಆ ಕೊಠಡಿಯ ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ಒಂದು ಸರ್ವರ್ ನಿಂತುಹೋದರೂ ಉಳಿದವರ ಮಾತು ಮುಂದುವರಿಯುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ ತನ್ನ ಐಆರ್‌ಸಿ ಸರ್ವರ್ ಅನ್ನು 2020ರ ಮಾರ್ಚ್‌ನಲ್ಲಿ ಮುಚ್ಚಿ ಇಲ್ಲಿಗೆ ಬಂದಿತು. ಲಿನಕ್ಸ್ ಡೆಸ್ಕ್‌ಟಾಪ್ ರೂಪಿಸುವ ಕೆಡಿಇ ಮತ್ತು ಗ್ನೋಮ್ ಸಮುದಾಯಗಳೂ ಇಲ್ಲಿವೆ. ನೀವು ಇದನ್ನೇ ಆರಿಸಿದರೆ ಎರಡು ಎಚ್ಚರಿಕೆಗಳಿವೆ. ಸಾರ್ವಜನಿಕ ಕೊಠಡಿಗೆ ಎನ್‌ಕ್ರಿಪ್ಶನ್ (ಸಂದೇಶಗಳ ಗೂಢಲಿಪೀಕರಣ) ಹಾಕಬೇಡಿ: ಯಾರು ಬೇಕಾದರೂ ಸೇರಬಹುದಾದ ಕಡೆ ಅದರಿಂದ ಗುಟ್ಟೇನೂ ಉಳಿಯುವುದಿಲ್ಲ, ಹೊಸದಾಗಿ ಸೇರಿದವರಿಗೆ ಹಳೆಯ ಸಂದೇಶಗಳು ತೆರೆಯುವುದಿಲ್ಲ, ಮತ್ತು ಒಮ್ಮೆ ಹಾಕಿದ ಎನ್‌ಕ್ರಿಪ್ಶನ್ ಅನ್ನು ಆ ಕೊಠಡಿಯಲ್ಲಿ ಮತ್ತೆ ತೆಗೆಯಲು ಬರುವುದಿಲ್ಲ. ಎರಡನೆಯದಾಗಿ, ಸ್ವಂತ ಸರ್ವರ್ ನಡೆಸುವ ಉತ್ಸಾಹಕ್ಕೆ ಬೀಳುವ ಮೊದಲು ಅದನ್ನು ನೋಡಿಕೊಳ್ಳಲು ಕನಿಷ್ಠ ಇಬ್ಬರಾದರೂ ಇದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ದೊಡ್ಡ ಕೊಠಡಿಗಳಿಗೆ ಸೇರಿದ ಸಿನಾಪ್ಸ್ ಎಂಬ ಮ್ಯಾಟ್ರಿಕ್ಸ್ ಸರ್ವರ್ ತಂತ್ರಾಂಶದ ಡೇಟಾಬೇಸ್ ಬೆಳೆಯುವ ವೇಗ ಹೊಸಬರನ್ನು ದಂಗುಬಡಿಸುತ್ತದೆ.

ಐಆರ್‌ಸಿಯವರೂ ಇರಲಿ, ಮ್ಯಾಟ್ರಿಕ್ಸ್‌ನವರೂ ಇರಲಿ, ನಡುವೆ ಒಂದು ಬ್ರಿಜ್ (ಒಂದು ಕಡೆಯ ಸಂದೇಶವನ್ನು ಇನ್ನೊಂದು ಕಡೆಗೆ ದಾಟಿಸುವ ತಂತ್ರಾಂಶ) ಹಾಕಿಬಿಡೋಣ ಎಂಬ ಸಲಹೆ ನಿಮ್ಮಲ್ಲಿ ಖಂಡಿತ ಬರುತ್ತದೆ. ಲಿಬೆರಾ ಮತ್ತು ಮ್ಯಾಟ್ರಿಕ್ಸ್ ನಡುವಿನ ಅಧಿಕೃತ ಬ್ರಿಜ್ ಅನ್ನು, ಅದರ ಸ್ಥಿರತೆಯ ಸಮಸ್ಯೆಗಳು ಬಗೆಹರಿಯದ ಕಾರಣ, 2023ರಲ್ಲಿ ನಿಲ್ಲಿಸಬೇಕಾಯಿತು. ಬ್ರಿಜ್ ಸರಿಯಾಗಿ ನಡೆಯುವಾಗಲೂ ಒಂದು ಕಡೆ ತಿದ್ದಿದ ಸಂದೇಶ ಇನ್ನೊಂದು ಕಡೆ ಗೊಂದಲವಾಗಿ ಕಾಣುತ್ತದೆ, ಒಂದು ಕಡೆ ಹೊರಹಾಕಿದ ಪುಂಡ ಇನ್ನೊಂದು ಕಡೆಯಿಂದ ಒಳಬರುತ್ತಾನೆ. ಸ್ಥಳಾಂತರದ ಕೆಲವು ವಾರಗಳಿಗೆ ಇರಲಿ, ಅದನ್ನೇ ಶಾಶ್ವತ ವ್ಯವಸ್ಥೆಯೆಂದು ನಂಬಬೇಡಿ.

ಇನ್ನು ಜುಲಿಪ್. 2012ರಲ್ಲಿ ಆರಂಭವಾಗಿ, 2014ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿಯ ಕೈಸೇರಿ, 2015ರಲ್ಲಿ ಅಪಾಚೆ ಪರವಾನಗಿಯಡಿ ಇದರ ಕೋಡ್ ಮುಕ್ತವಾಯಿತು. ಇಲ್ಲಿನ ಮುಖ್ಯ ವ್ಯತ್ಯಾಸವೆಂದರೆ, ಚಾನೆಲ್‌ನ ಒಳಗೆ ಪ್ರತಿ ಚರ್ಚೆಗೂ ಒಂದು ಟಾಪಿಕ್ ಇರುತ್ತದೆ. ಕೇಳಲು ಸಣ್ಣ ವಿಷಯ. ಬಳಕೆಯಲ್ಲಿ ಅದು ಹೇಗಿರುತ್ತದೆಂದು ಹೇಳುತ್ತೇನೆ. ‘ಬಿಲ್ಡ್’ ಚಾನೆಲ್‌ನಲ್ಲಿ ಒಬ್ಬರು ‘ವಿಂಡೋಸ್‌ನಲ್ಲಿ ಪರೀಕ್ಷೆ ವಿಫಲ’ ಎಂಬ ಟಾಪಿಕ್ ತೆರೆದು ದೋಷದ ಸಂದೇಶವನ್ನು ಪೂರ್ತಿಯಾಗಿ ಅಂಟಿಸುತ್ತಾರೆ. ಎಂಟು ಗಂಟೆಯ ನಂತರ ಬೇರೊಂದು ಖಂಡದ ಮೇಂಟೇನರ್ (ಲೈಬ್ರರಿಯನ್ನು ನೋಡಿಕೊಳ್ಳುವವರು) ಎದ್ದು ನೋಡಿದಾಗ ನೂರಾರು ಸಂದೇಶಗಳ ಒಂದೇ ಪ್ರವಾಹ ಎದುರಾಗುವುದಿಲ್ಲ. ಓದದೆ ಉಳಿದ ಟಾಪಿಕ್‌ಗಳ ಪಟ್ಟಿ ಕಾಣುತ್ತದೆ. ತಮಗೆ ಸಂಬಂಧಿಸಿದ್ದನ್ನು ಓದಿ, ಉಳಿದವನ್ನು ಒಂದೊಂದು ಕ್ಲಿಕ್ಕಿನಲ್ಲಿ ದಾಟಿ, ಅವರು ಅಲ್ಲಿಯೇ ಉತ್ತರಿಸುತ್ತಾರೆ. ಮಧ್ಯೆ ಯಾರೋ ಲಿನಕ್ಸ್‌ನ ಬೇರೆ ಸಮಸ್ಯೆ ಎತ್ತಿದರೆ ಮಾಡರೇಟರ್ ಆ ಸಂದೇಶಗಳನ್ನಷ್ಟೇ ಹೊಸ ಟಾಪಿಕ್‌ಗೆ ಸಾಗಿಸುತ್ತಾರೆ. ದೋಷ ಸರಿಹೋದ ಮೇಲೆ ಟಾಪಿಕ್ ಬಗೆಹರಿದಿದೆಯೆಂದು ಗುರುತು ಮಾಡಿದರೆ ಶೀರ್ಷಿಕೆಯ ಮುಂದೆ ಸರಿ ಗುರುತು ಕೂರುತ್ತದೆ, ಆ ಟಾಪಿಕ್‌ನ ಕೊಂಡಿಯನ್ನು ಇಶ್ಯೂವಿನಲ್ಲಿ (ಲೈಬ್ರರಿಯ ದೋಷಗಳನ್ನು ದಾಖಲಿಸುವ ಕಡೆ) ಹಾಕುತ್ತಾರೆ. ಆರು ತಿಂಗಳ ನಂತರ ಬಂದವರಿಗೆ ಆ ಚರ್ಚೆ ಮೊದಲಿನಿಂದ ಕೊನೆಯವರೆಗೆ, ಬೇರೆ ಮಾತಿನ ಕಲಬೆರಕೆಯಿಲ್ಲದೆ ಸಿಗುತ್ತದೆ. ರಸ್ಟ್ ಭಾಷೆಯ ತಂಡಗಳೂ ಗಣಿತದ ಪುರಾವೆಗಳನ್ನು ಪರಿಶೀಲಿಸುವ ಲೀನ್ ಎಂಬ ಪ್ರಮೇಯ ಸಾಧಕದ ಸಮುದಾಯವೂ ಬಹುಕಾಲದಿಂದ ಹೀಗೆಯೇ ಕೆಲಸ ಮಾಡುತ್ತಿವೆ.

ಚಾನೆಲ್‌ಗಳನ್ನು ಖಾತೆಯಿಲ್ಲದವರೂ ಓದುವಂತೆ ತೆರೆದಿಡಬಹುದು. ಸರ್ಚ್ ಎಂಜಿನ್‌ಗೂ ಚೆನ್ನಾಗಿ ಸಿಗಬೇಕೆಂದರೆ ಜುಲಿಪ್ ಆರ್ಕೈವ್ ಎಂಬ ಉಪಕರಣದಿಂದ ಚರ್ಚೆಗಳನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಪ್ರಕಟಿಸಿ. ಓಪನ್ ಸೋರ್ಸ್ ಯೋಜನೆಗಳಿಗೆ ಜುಲಿಪ್‌ನವರ ಕ್ಲೌಡ್ ಸೇವೆ ಉಚಿತವಾಗಿದೆ, ಮುಂದೆ ಅದು ನಿಂತುಹೋದರೆ ಪೂರ್ತಿ ದತ್ತಾಂಶವನ್ನು ಹೊರತೆಗೆದು ಸ್ವಂತ ಸರ್ವರ್‌ನಲ್ಲಿ ಅದೇ ತಂತ್ರಾಂಶವನ್ನು ನಡೆಸಬಹುದು. ನನ್ನ ಒಲವಿಗೆ ಈ ಕೊನೆಯ ಅಂಶ ಬಹುದೊಡ್ಡ ಕಾರಣ: ಉಚಿತವೆಂಬುದು ಯಾವತ್ತು ಬೇಕಾದರೂ ಬದಲಾಗಬಹುದು, ಹೊರಡುವ ಬಾಗಿಲು ತೆರೆದಿರುವುದು ಮುಖ್ಯ.

ಕೊರತೆಗಳೂ ಇವೆ. ಟಾಪಿಕ್ ಆರಿಸಿ ಬರೆಯುವ ಪದ್ಧತಿ ಹರಟೆಗೆ ಬಂದವರಿಗೆ ಮೊದಮೊದಲು ಕಿರಿಕಿರಿಯೆನಿಸುತ್ತದೆ, ಧ್ವನಿ ಕರೆಗೆ ಜಿಟ್ಸಿಯಂಥ ಹೊರಗಿನ ಸೇವೆಯ ಕೊಂಡಿ ಬೇಕು, ಡಿಸ್ಕಾರ್ಡ್‌ನಲ್ಲಿ ತಾನಾಗಿ ಹುಟ್ಟುವ ಗೆಳೆತನದ ವಾತಾವರಣ ಇಲ್ಲಿ ತಡವಾಗಿ ಬರುತ್ತದೆ. ನಿಮ್ಮ ಸಮುದಾಯ ಮುಖ್ಯವಾಗಿ ಕಲಿಯುವವರದ್ದಾಗಿದ್ದು, ಕೂಡಿ ಕುಳಿತು ಮಾತಾಡುತ್ತ ಕೋಡ್ ಬರೆಯುವುದೇ ಅದರ ಜೀವಾಳವಾಗಿದ್ದರೆ ನಾನು ಡಿಸ್ಕಾರ್ಡ್ ಪರವಾಗಿಯೂ ವಾದಿಸುತ್ತಿದ್ದೆ.

ಯಾವುದನ್ನು ಆರಿಸಿದರೂ ಎರಡು ವಿಷಯಗಳನ್ನು ಬಿಟ್ಟುಕೊಡಬೇಡಿ. ತೀರ್ಮಾನಗಳು ಚಾಟ್‌ನಲ್ಲಿ ಮುಗಿಯಬಾರದು. ಚರ್ಚೆ ಎಲ್ಲಿಯೇ ನಡೆದಿರಲಿ, ಏನು ಮತ್ತು ಏಕೆ ನಿರ್ಧರಿಸಿದೆವೆಂಬುದನ್ನು ಇಶ್ಯೂ ಅಥವಾ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆಯ ಕೋರಿಕೆಯಲ್ಲಿ) ನಾಲ್ಕು ವಾಕ್ಯಗಳಲ್ಲಿ ದಾಖಲಿಸಿ, ಚರ್ಚೆಯಲ್ಲಿ ಇಲ್ಲದವರಿಗೆ ಆಕ್ಷೇಪಿಸಲು ಒಂದೆರಡು ದಿನ ಕೊಡಿ. ಇನ್ನೊಂದು, ವೇದಿಕೆ ತೆರೆಯುವ ಮೊದಲೇ ನಡವಳಿಕೆಯ ನಿಯಮ, ದೂರು ಕೊಡಲು ಖಾಸಗಿ ದಾರಿ ಮತ್ತು ಬೇರೆ ಬೇರೆ ಕಾಲವಲಯಗಳ ಮಾಡರೇಟರ್‌ಗಳು ಸಿದ್ಧವಾಗಿರಲಿ. ಕಿರುಕುಳಕ್ಕೊಳಗಾದವರು ಮಾಡರೇಟರ್ ಏಳುವವರೆಗೆ ಅದನ್ನು ಸಹಿಸಿಕೊಂಡು ಕೂರಬೇಕಾದ ಸಮುದಾಯ, ತಂತ್ರಾಂಶ ಎಷ್ಟೇ ಒಳ್ಳೆಯದಿದ್ದರೂ, ಜನರನ್ನು ಕಳೆದುಕೊಳ್ಳುತ್ತದೆ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಸದಸ್ಯರಿದ್ದರೆ ಅವರಿಗೆ ಪ್ರಾಯೋಗಿಕ ಖಾತೆ ಕೊಟ್ಟು, ಅವರ ಅಭಿಪ್ರಾಯ ಬಂದ ಮೇಲೆಯೇ ಅಂತಿಮ ನಿರ್ಧಾರ ಮಾಡಿ.

ಸ್ಥಳಾಂತರದ ವಿಷಯದಲ್ಲಿ ತಡಮಾಡಬೇಡಿ. ಸ್ಲ್ಯಾಕ್‌ನ ಉಚಿತ ಯೋಜನೆಯಿಂದ ಹೊರತೆಗೆಯಲು ಸಿಗುವುದು ಸಾರ್ವಜನಿಕ ಚಾನೆಲ್‌ಗಳ ಕೊನೆಯ 90 ದಿನಗಳ ಸಂದೇಶಗಳು. ಅದಕ್ಕಿಂತ ಹಳೆಯದಾಗಿದ್ದು ಇನ್ನೂ ವರ್ಷ ತುಂಬದವು ಅಳಿಸಿಲ್ಲವಾದ್ದರಿಂದ, ಹಣ ಕೊಡುವ ಯೋಜನೆಗೆ ತಾತ್ಕಾಲಿಕವಾಗಿ ಏರಿದರೆ ಅವೂ ಸಿಗುತ್ತವೆ. ಪ್ರತಿ ದಿನ ಕಳೆದಂತೆ ಇನ್ನೊಂದು ದಿನದ ಮಾತು ಆ ಗಡಿ ದಾಟುತ್ತದೆ, ಹಾಗಾಗಿ ವೇದಿಕೆಯ ಚರ್ಚೆ ಮುಗಿಯಲೆಂದು ಕಾಯದೆ ಈ ವಾರವೇ ಆ ಕಡತವನ್ನು ಇಳಿಸಿಕೊಳ್ಳಿ. ಜುಲಿಪ್‌ಗೆ ಅದನ್ನು ನೇರವಾಗಿ ಆಮದು ಮಾಡಿಕೊಳ್ಳುವ ಸೌಲಭ್ಯವಿದೆ. ಆಮೇಲೆ ಒಂದು ದಿನಾಂಕ ಗೊತ್ತುಮಾಡಿ, ಹೊಸ ವಿಳಾಸವನ್ನು ಲೈಬ್ರರಿಯ ಪರಿಚಯವಿರುವ ರೀಡ್‌ಮಿ ಕಡತದಲ್ಲಿಯೂ ಸ್ಲ್ಯಾಕ್‌ನ ಪ್ರತಿ ಚಾನೆಲ್‌ನ ತಲೆಬರಹದಲ್ಲಿಯೂ ಹಾಕಿ, ಆ ದಿನದಿಂದ ಮೇಂಟೇನರ್‌ಗಳೆಲ್ಲರೂ ಹೊಸ ಕಡೆ ಮಾತ್ರ ಉತ್ತರಿಸಿ. ಮೇಂಟೇನರ್‌ಗಳು ಎರಡೂ ಕಡೆ ಉತ್ತರಿಸುತ್ತಿರುವವರೆಗೆ ಜನ ಹಳೆಯ ಜಾಗ ಬಿಡುವುದಿಲ್ಲ.