ವಕೀಲರ ಕಚೇರಿಯ ದಾನದ ಹಣ ಎಲ್ಲಿಗೆ ಹೋಗಬೇಕು?

ನಿಮ್ಮದು ನಾಲ್ವರು ಪಾಲುದಾರರ ಸಣ್ಣ ವಕೀಲ ಸಂಸ್ಥೆ. ವರ್ಷಕ್ಕೆ ಒಂದಿಷ್ಟು ಹಣ ತೆಗೆದಿಟ್ಟು ಶಾಲಾ ಮಕ್ಕಳಿಗೆ ನೋಟ್ ಪುಸ್ತಕ ಹಂಚುವುದೋ, ಬಡವರ ಪ್ರಕರಣಗಳನ್ನು ಉಚಿತವಾಗಿ ನಡೆಸುವುದೋ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಕೀಲಿ ಮಾಡುತ್ತಿರುವ ನನ್ನ ಉತ್ತರ ಇಷ್ಟು: ಪ್ರಕರಣ ನಡೆಸಿ, ತೆಗೆದಿಟ್ಟ ಹಣವನ್ನೂ ಅದೇ ಬಡವರ ಪ್ರಕರಣಗಳಿಗೇ ಹಾಕಿ. ನೋಟ್ ಪುಸ್ತಕ ಕೊಡಲು ಊರಿನಲ್ಲಿ ಹತ್ತು ಜನರಿದ್ದಾರೆ. ವಕಾಲತ್ತು ಹಾಕಲು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಇದನ್ನು ನಾನು ಕಲಿತದ್ದು ಒಬ್ಬ ಹೆಣ್ಣುಮಗಳಿಂದ. ಆಕೆಯ ಜೀವನಾಂಶದ ಪ್ರಕರಣವನ್ನು ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ನಡೆಸುತ್ತಿದ್ದೆ. ಸಾಕ್ಷ್ಯಕ್ಕೆ ಇಟ್ಟ ದಿನ ಆಕೆ ಬರಲಿಲ್ಲ. ಮುಂದಿನ ವಾಯಿದೆಗೂ ಬರಲಿಲ್ಲ. ಗೈರುಹಾಜರಿಯ ಕಾರಣಕ್ಕೆ ಅರ್ಜಿ ವಜಾ ಆಯಿತು. ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂದು ನನಗೆ ಸಿಟ್ಟು ಬಂದದ್ದು ನಿಜ. ಹದಿನೈದು ದಿನ ಬಿಟ್ಟು ಆಕೆ ಕಚೇರಿಗೆ ಬಂದಳು. ಬೆರಳುಗಳೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು, ಉಗುರಿನ ಸಂದಿಯಲ್ಲಿ ಕತ್ತಿ ತಾಗಿದ ಗಾಯ. "ಸುಲಿಯುವ ಕಾಲದಲ್ಲಿ ಒಂದು ದಿನ ತಪ್ಪಿಸಿದರೆ ನನ್ನ ಜಾಗಕ್ಕೆ ಬೇರೆಯವರನ್ನು ಕರೆದುಕೊಳ್ಳುತ್ತಾರೆ ಸಾರ್. ಆಮೇಲೆ ಆ ವರ್ಷ ಕೆಲಸವೇ ಇಲ್ಲ" ಎಂದಳು. ನಾನು ಬಿಟ್ಟುಕೊಟ್ಟಿದ್ದು ನನ್ನ ಫೀಸನ್ನು. ಆಕೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದಳು, ಅದರ ಲೆಕ್ಕ ನನ್ನ ಬಳಿ ಇರಲೇ ಇಲ್ಲ.

ಅರ್ಜಿಯನ್ನು ಮತ್ತೆ ಕಡತಕ್ಕೆ ತರಿಸಿದೆವು. ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಇಂಥ ಸಿವಿಲ್ ಮತ್ತು ಜೀವನಾಂಶದ ಪ್ರಕರಣಗಳಲ್ಲಿ ಬಹುಪಾಲು ವಾಯಿದೆಗಳಿಗೆ ವಕೀಲರು ಹೋದರೆ ಸಾಕು. ಕಕ್ಷಿದಾರರೇ ಬರಲೇಬೇಕಾದದ್ದು ರಾಜಿ ಮಾತುಕತೆಗೆ, ಸಾಕ್ಷ್ಯಕ್ಕೆ, ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವ ಪಾಟೀಸವಾಲಿಗೆ. ಆ ದಿನಗಳನ್ನು ಕೇಸಿನ ಕಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಎರಡು ದಿನ ಮೊದಲೇ ಗುಮಾಸ್ತರು ಫೋನ್ ಮಾಡುತ್ತಾರೆ. ಮಿಕ್ಕ ದಿನ ಬರಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇವೆ. ಇದಕ್ಕೆ ಹಣವೇ ಬೇಡ, ಆದರೂ ಹೆಚ್ಚಿನ ಕಚೇರಿಗಳಲ್ಲಿ ಹೇಳುವವರಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚು ಉಳಿಯಿತು. ಕೂಲಿ ಮಾತ್ರ ಹೋಗುತ್ತಲೇ ಇದೆ. ನಿಮ್ಮ ದಾನದ ಹಣಕ್ಕೆ ಜಾಗ ಇರುವುದು ಇಲ್ಲೇ.

ಆದರೆ ಜೇಬಿನಿಂದ ತೆಗೆದು ಕೊಡಬೇಡಿ. ವಕೀಲರು ತಾವು ನಡೆಸುವ ಪ್ರಕರಣಕ್ಕಾಗಿ ಕಕ್ಷಿದಾರರಿಗೆ ಸಾಲ ಕೊಡಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ನೀವು ಸಹಾಯವೆಂದು ಕೊಟ್ಟದ್ದನ್ನು ನಾಳೆ ಎದುರು ಪಕ್ಷದವರು ಪಾಟೀಸವಾಲಿನಲ್ಲಿ ಬೇರೆಯೇ ಅರ್ಥದಲ್ಲಿ ಎತ್ತಬಹುದು. ನಾವು ಊರಿನ ಹಳೆಯ ಟ್ರಸ್ಟ್ ಒಂದಕ್ಕೆ ವರ್ಷಕ್ಕೊಮ್ಮೆ ಚೆಕ್ ಕೊಡುತ್ತೇವೆ. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಅವರೇ ವಿಚಾರಿಸಿ ತೀರ್ಮಾನಿಸುತ್ತಾರೆ. ಸಾಕ್ಷಿಗಳಿಗಂತೂ ಯಾವ ರೂಪದಲ್ಲೂ ಹಣ ಹೋಗಬಾರದು. ಅವರಿಗೆ ಸಲ್ಲಬೇಕಾದ ಬತ್ತಾ ನ್ಯಾಯಾಲಯದ ಮೂಲಕವೇ ಸಲ್ಲಲಿ.

ಪ್ರಕರಣಗಳನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯೂ ಇಲ್ಲ. ಸ್ವಂತ ಮನೆ ಇರುವ ಹೆಣ್ಣುಮಗಳಿಗೂ ಈ ಹಕ್ಕು ಇದೆ ಎಂದರೆ ಎಷ್ಟೋ ಜನ ನಂಬುವುದೇ ಇಲ್ಲ. ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಪಟ್ಟಿಗೆ ಹೆಸರು ಕೊಡಿ. ಅಲ್ಲಿಂದ ಬಂದ ಪ್ರಕರಣದಲ್ಲಿ ನ್ಯಾಯಾಲಯ ಶುಲ್ಕ, ನಕಲಿನ ಖರ್ಚು ಪ್ರಾಧಿಕಾರದ್ದು. ಕಕ್ಷಿದಾರರಿಂದ ನೀವು ಏನನ್ನೂ ಪಡೆಯುವಂತಿಲ್ಲ. 15100 ಸಂಖ್ಯೆಗೆ ಕರೆ ಮಾಡಿದರೆ ಯಾರಿಗಾದರೂ ದಾರಿ ಸಿಗುತ್ತದೆ. ಇದನ್ನು ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸಿ.

ಕಿರಿಯ ವಕೀಲರಿದ್ದರೆ ಅವರನ್ನು ಕಾರಾಗೃಹಕ್ಕೆ ಕಳುಹಿಸಿ. ಜಾಮೀನು ಆದೇಶ ಆಗಿಯೂ, ಪಹಣಿ ಹಿಡಿದು ಬಂದು ಸಹಿ ಹಾಕುವ ಜಾಮೀನುದಾರರಿಲ್ಲದೆ ಒಳಗೇ ಕುಳಿತವರು ಸಿಗುತ್ತಾರೆ. ಒಂದು ತಿಂಗಳಲ್ಲಿ ಜಾಮೀನು ಬಾಂಡ್ ಕೊಡಲಾಗದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯ ತಾನೇ ಯೋಚಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆದರೂ ಯಾರಾದರೂ ಒಂದು ಪುಟದ ಅರ್ಜಿ ಹಾಕಬೇಕು. ಆ ಒಂದು ಪುಟಕ್ಕೆ ನಿಮ್ಮ ಜೂನಿಯರ್ ವ್ಯಯಿಸುವ ಅರ್ಧ ಗಂಟೆಗೆ ನಾನು ಸಾವಿರ ನೋಟ್ ಪುಸ್ತಕಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಲಾಭದ ಎರಡು ಶೇಕಡಾವನ್ನು ಸಮಾಜಕ್ಕೆ ವ್ಯಯಿಸಬೇಕೆಂದು ದೊಡ್ಡ ಕಂಪನಿಗಳಿಗಿರುವ ಕಡ್ಡಾಯ ನಿಮ್ಮಂಥ ಪಾಲುದಾರಿಕೆ ಸಂಸ್ಥೆಗಳಿಗೆ ಇಲ್ಲ. ಆದ್ದರಿಂದ ಎಷ್ಟು ಕೊಡಬೇಕೆಂಬುದು ನಿಮಗೇ ಬಿಟ್ಟದ್ದು. ತೆರಿಗೆ ರಿಯಾಯಿತಿ ಸಿಗುವುದು ಹಣಕ್ಕೆ ಮಾತ್ರ, ಹಂಚಿದ ವಸ್ತುವಿಗೂ ಇಲ್ಲ, ದುಡಿದ ಗಂಟೆಗಳಿಗೂ ಇಲ್ಲ. ಇನ್ನು ಶಿಬಿರದಲ್ಲಿ ಸಂಸ್ಥೆಯ ಹೆಸರಿನ ದೊಡ್ಡ ಬ್ಯಾನರ್ ಕಟ್ಟಿ ಫೋಟೊ ಹಾಕುವ ಆಸೆ ಇದ್ದರೆ ಈಗಲೇ ಬಿಡಿ. ವಕೀಲರ ಜಾಹೀರಾತನ್ನು ಪರಿಷತ್ತಿನ 36ನೆಯ ನಿಯಮ ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಂಡನ ಮೇಲೆ ಪ್ರಕರಣ ಹಾಕಿದ ಹೆಣ್ಣುಮಗಳ ಮುಖ ಆ ಫೋಟೊದಲ್ಲಿ ಇರಬಾರದು.

ಮೊದಲ ಪ್ರಕರಣ ಬಂದಾಗ, ವಕಾಲತ್ತಿಗೆ ಸಹಿ ಹಾಕಿಸುವ ಮುನ್ನ ಮೂರು ವಿಷಯ ಕೇಳಿ ಬರೆದುಕೊಳ್ಳಿ: ದಿನಗೂಲಿ ಎಷ್ಟು, ಯಾವ ತಿಂಗಳುಗಳಲ್ಲಿ ಕೆಲಸ ಹೆಚ್ಚು, ಊರಿನಿಂದ ಮೊದಲ ಬಸ್ ಎಷ್ಟು ಗಂಟೆಗೆ. ಸಾಕ್ಷ್ಯದ ದಿನಾಂಕ ಕೇಳುವಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.